ತಲೆ ಪಣವಿಟ್ಟು ಎಡಿಟರ್ ಆರಿಸಿದ್ದು

ಈ ಕತೆ ಸುಳ್ಳು ಅನ್ನುವ ಗಂಡಸಿದ್ದರೆ ಈಗಲೇ ಎದ್ದು ನಿಲ್ಲಲಿ. ಹುಲಿಗುಡ್ಡದ ಮೈಲಾರಿ, ಅಂದರೆ ನಾನು, ಅರ್ಧ ಮೀಸೆ ಬೋಳಿಸಿಕೊಂಡು ಸಂತೆಯಲ್ಲಿ ಕೂರುತ್ತೇನೆ. ಯಾರೂ ಏಳಲಿಲ್ಲವೆ? ಹಾಗಾದರೆ ಕೇಳಿ.

ಸೋಮಗಿರಿಯ ಅರಸು ಊರೂರಲ್ಲಿ ಡಂಗುರ ಹೊಡೆಸಿದ. "ಕೇಳಿರಪ್ಪೋ ಕೇಳಿ! ಅರಮನೆಯ ಯಂತ್ರಶಾಲೆಯಲ್ಲಿ ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಒಂದು ಜಾಗ ಖಾಲಿ ಇದೆ. ಬೇಕಾದವರು ರಾಜಕುಮಾರಿ ಇಂದುಲೇಖೆಯ ಮೂರು ಒಗಟು ಬಿಡಿಸಬೇಕು. ತಪ್ಪಿದವರ ತಲೆ ಉಳಿಯದು!"

ಕಾರಣವಿತ್ತು. ಪ್ರೋಗ್ರಾಂ ಬರೆಯಲು ಒಂದು ಪಾಟಿ ಬೇಕಲ್ಲ, ಅದಕ್ಕೆ ಎಡಿಟರ್ ಅನ್ನುತ್ತಾರೆ. ಅಂಥವು ನೂರಾರು. ಹಿಂದಿನ ವರ್ಷ ಸೇರಿದವರು ಯಾವ ಎಡಿಟರ್ ಮೇಲು ಎಂದು ಬಡಿದಾಡುತ್ತ ಆರು ತಿಂಗಳಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ. ಅರಸನ ತಾಳ್ಮೆ ತೀರಿತ್ತು.

"ಬೇಡ ಕಣೋ ಮೈಲಾರಿ, ನಿನಗಿರೋದು ಒಂದೇ ತಲೆ," ಅಂದಳು ಅವ್ವ.

"ಅಂಥ ತಲೆ ಒಂದು ಸಾಕು ಬಿಡವ್ವ," ಎಂದು ಕಂಬಳಿ ಹೆಗಲಿಗೆ ಹಾಕಿ ಹೊರಟೆ. ಬಾಯಲ್ಲಿ ಹಾಗಂದೆ. ನಿಜವೆಂದರೆ ನನಗೆ ಆ ಜಾಗ ಬೇಕೇಬೇಕಿತ್ತು. ನಮ್ಮೂರ ಗ್ರಂಥಾಲಯದಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವನೂ ಇಡೀ ಊರಿಗೆ ನಾನೊಬ್ಬನೇ.

ಸಭೆಯಲ್ಲಿ ನನಗಿಂತ ಮುಂದೆ ಇಬ್ಬರು ಕೂತಿದ್ದರು: ಮಂತ್ರಿಯ ಮಗ ಪದ್ಮರಸ, ಸಾಹುಕಾರರ ಮಗ ಚೆನ್ನಶೆಟ್ಟಿ. ನನ್ನ ಕಂಬಳಿ ನೋಡಿ ಪದ್ಮರಸ ಕೇಳಿದ: "ಏನಯ್ಯಾ, ಕುರಿ ತಪ್ಪಿಸಿಕೊಂಡು ಇತ್ತ ಬಂದವೇ?"

"ಹೂಂ ಸ್ವಾಮಿ. ಎರಡು ಸಿಕ್ಕವು."

ರಾಜಕುಮಾರಿ ಬಂದಳು, ಮೊದಲ ಒಗಟು ಹಾಕಿದಳು. "ನನ್ನ ಬಳಿ ಒಬ್ಬ ಗೆಳತಿ ಇದ್ದಾಳೆ. ಹೇಳಿದ್ದನ್ನು ಅಕ್ಷರ ಬಿಡದೆ ಬರೆದಿಟ್ಟುಕೊಳ್ಳುತ್ತಾಳೆ. ತಪ್ಪಿದರೆ ಕೆಂಪು ಗೆರೆ ಎಳೆಯುತ್ತಾಳೆ. ನನ್ನ ಅರ್ಧ ಮಾತನ್ನು ತಾನೇ ಮುಗಿಸುತ್ತಾಳೆ. ಆದರೆ ಹೇಳಿದ ಕೆಲಸವನ್ನು ತಾನು ಮಾಡುವುದಿಲ್ಲ. ಯಾರವಳು?"

"ಕಂಪ್ಯೂಟರ್!" ಎಂದ ಪದ್ಮರಸ.

"ಅಲ್ಲ," ಎಂದಳು ಅವಳು ಮೆಲ್ಲಗೆ. ಭಟರು ಅವನ ರಟ್ಟೆ ಹಿಡಿದು ಸೆರೆಮನೆಗೆ ನಡೆಸಿದರು. ನೀನೇ ಹೇಳು ಎಂಬಂತೆ ಚೆನ್ನಶೆಟ್ಟಿ ನನ್ನತ್ತ ಕೈ ತೋರಿಸಿದ. ನಾನು ಎದ್ದೆ.

"ಎಡಿಟರ್, ದೊರೆಸಾನಿ. ನಮ್ಮವ್ವ ಪರಾತದಲ್ಲಿ ಹಿಟ್ಟು ನಾದುತ್ತಾಳೆ. ಪರಾತ ಎಷ್ಟೇ ಥಳಥಳಿಸಲಿ, ರೊಟ್ಟಿ ಬೇಯಿಸುವುದು ಹಂಚು. ಎಡಿಟರಿನಲ್ಲಿ ಬರೆಯುವುದು, ಬರೆದದ್ದನ್ನು ನಡೆಸುವುದಕ್ಕೆ ಬೇರೆಯದೇ ಇದೆ. ಎಡಿಟರ್ ಒಂದನ್ನೇ ಹಾಕಿಕೊಂಡು, ಪರಾತದ ಮುಂದೆ ರೊಟ್ಟಿಗೆ ಕಾದಂತೆ ವಾರವಿಡೀ ಕಾದವನು ನಾನು."

"ಸರಿ. ಎರಡನೆಯದು," ಎಂದಳು. "ಪ್ರೋಗ್ರಾಮಿನಲ್ಲಿ ಐದು ಎಂದಿದ್ದುದನ್ನು ಅಳಿಸಿ ಏಳು ಎಂದು ತಿದ್ದಿದೆ. ಕಣ್ಣೆದುರು ಏಳೇ ಇದೆ. ನಡೆಸಿದರೆ ಐದು ಬರುತ್ತದೆ, ನೂರು ಸಲ ನಡೆಸಿದರೂ ಐದೇ. ಕಣ್ಣೂ ಸುಳ್ಳಲ್ಲ, ಯಂತ್ರವೂ ಸುಳ್ಳಲ್ಲ. ತಪ್ಪು ಯಾರದು?"

"ಎಡಿಟರಿನದು!" ಎಂದು ಚೆನ್ನಶೆಟ್ಟಿ ಹಾರಿ ಎದ್ದ. "ಅದನ್ನು ಎಸೆಯಿರಿ, ನಮ್ಮ ತಂದೆ ಹೊಸವು ಹತ್ತು ತರಿಸಿಕೊಡುತ್ತಾರೆ!"

ಅವನನ್ನೂ ಕರೆದುಕೊಂಡು ಹೋದರು. ಉಳಿದವನು ನಾನೊಬ್ಬ. ಉತ್ತರ ಗೊತ್ತಿತ್ತು, ಆದರೆ ಅದನ್ನು ಹೇಳಲು ಮಾನ ಬಿಡಬೇಕಿತ್ತು. ಬಿಟ್ಟೆ.

"ನನಗೂ ಹೀಗೆ ಮೂರು ದಿನ ಐದೇ ಬಂತು, ದೊರೆಸಾನಿ. ಕಂಪ್ಯೂಟರಿಗೆ ದೃಷ್ಟಿಯಾಗಿದೆ ಅಂತ ಅವ್ವನನ್ನು ಕರೆತಂದು ನಿಂಬೆಹಣ್ಣು ನಿವಾಳಿಸಿದೆ." ಸಭೆ ಗೊಳ್ಳೆಂದಿತು. ಅರಸನ ಕಿರೀಟವೂ ಅಲುಗಿತು. "ಗ್ರಂಥಾಲಯ ನೋಡಿಕೊಳ್ಳುವ ಸುಭದ್ರಕ್ಕ ಕನ್ನಡಕ ಏರಿಸಿ, 'ಸೇವ್ ಮಾಡಿದ್ಯೇನೋ ಮುಠ್ಠಾಳ?' ಅಂದಳು. ಮಾಡಿರಲಿಲ್ಲ. ಕಣ್ಣು ನೋಡುವುದು ಪರದೆಯ ಮೇಲಿನ ಹೊಸ ಸಾಲು, ಯಂತ್ರ ಓದುವುದು ಉಗ್ರಾಣದಲ್ಲಿರುವ ಹಳೆಯ ಸಾಲು. ತಪ್ಪು ಬರೆದವನದು."

ಅವಳು ನಗಲಿಲ್ಲ. ನನ್ನನ್ನೇ ನೋಡುತ್ತ ಮೂರನೆಯದನ್ನು ಕೇಳಿದಳು.

"ನೂರು ಎಡಿಟರುಗಳಿವೆ. ಒಂದಕ್ಕೆ ನವಿಲಿನ ಬಣ್ಣ, ಒಂದಕ್ಕೆ ಜಿಂಕೆಯ ಓಟ. ಒಂದಂತೂ ಹಳೆಯ ಕೋಟೆ, ಒಳಹೊಕ್ಕವನಿಗೆ ಹೊರಬರುವ ದಾರಿ ತಿಳಿಯದು. ಇವತ್ತೇ ಮೊದಲ ಸಾಲು ಬರೆಯುವವನಿಗೆ ಇವುಗಳಲ್ಲಿ ಯಾವುದು ಶ್ರೇಷ್ಠ?"

ಅಲ್ಲಿಯವರೆಗೆ ಗೋಡೆಗೆ ಒರಗಿ ನಿಂತಿದ್ದ, ತಲೆ ಕಡಿಯುವ ಕೊಡಲಿಯವನು ಒಂದು ಹೆಜ್ಜೆ ಮುಂದೆ ಬಂದ. ನನ್ನ ನಾಲಿಗೆಯ ತುದಿಯಲ್ಲಿ ನಾಲ್ಕು ಹೆಸರಿದ್ದವು, ನಾಲ್ಕನ್ನೂ ಬಳಸಿದವನು ನಾನು. ಯಾವುದನ್ನು ಹೇಳಲಿ? ಹುಟ್ಟಿದಾಗಿನಿಂದ ಆಡದ ಮಾತೊಂದನ್ನು ಅವತ್ತು ಆಡಿದೆ.

"ಗೊತ್ತಿಲ್ಲ, ದೊರೆಸಾನಿ. ನೀವು ಯಾವುದರಲ್ಲಿ ಬರೆಯುತ್ತೀರಿ?"

"ಎಲಾ! ಒಗಟು ಹಾಕಿದವಳನ್ನೇ ಉತ್ತರ ಕೇಳುತ್ತೀಯಾ?" ಎಂದು ಅರಸು ಗುಡುಗಿದ.

"ಅದೇ ಉತ್ತರ, ಮಹಾಸ್ವಾಮಿ. ಒಮ್ಮೆ ನನ್ನ ಪ್ರೋಗ್ರಾಂ ಹನ್ನೊಂದು ದಿನ ನಡೆಯಲಿಲ್ಲ. ಎಡಿಟರ್ ಸರಿಯಿಲ್ಲವೆಂದು ನಾಲ್ಕು ಬದಲಾಯಿಸಿದೆ. ನಿಜಕ್ಕೂ ನಾನು ತೆರೆದ ಬ್ರಾಕೆಟ್ ಒಂದನ್ನು ಮುಚ್ಚಲು ಮರೆತಿದ್ದೆ; ಕೆಂಪು ಗೆರೆ ಬಿದ್ದರೂ ಯಾಕೆಂದು ತಿಳಿಯಲಿಲ್ಲ. ಆ ಮರೆವು ನಾಲ್ಕರಲ್ಲೂ ನನ್ನ ಜೊತೆಗೇ ಬಂತು. ಪಕ್ಕದಲ್ಲಿ ಬಲ್ಲವರೊಬ್ಬರು ಕೂತಿದ್ದರೆ ಬೆರಳಿಟ್ಟು ತೋರಿಸುತ್ತಿದ್ದರು. ನನಗೆ ಯಾರೂ ಇರಲಿಲ್ಲ; ಸುಭದ್ರಕ್ಕನಿಗೂ ಸೇವ್ ಮಾಡುವುದರಾಚೆ ಗೊತ್ತಿರಲಿಲ್ಲ. ಹೊಸಬನಿಗೆ ಪಕ್ಕದವರು ಬಳಸುವ ಎಡಿಟರೇ ಶ್ರೇಷ್ಠ. ಸಿಕ್ಕಿಬಿದ್ದಾಗ ಕೇಳಬಹುದು."

ರಾಜಕುಮಾರಿ ಕೈ ಎತ್ತಿದಳು. ಕೊಡಲಿಯವನು ಗೋಡೆಗೆ ಮರಳಿದ.

"ಅಪ್ಪಾಜಿ, ನೂರು ಎಡಿಟರುಗಳ ಹೆಸರು ಹೇಳುವವರು ಬಹಳ ಬಂದರು. ಕೇಳಲು ಗೊತ್ತಿರುವವನು ಇವನೊಬ್ಬ," ಎಂದಳು.

ಅರಸು ಏನು ಬೇಕೆಂದು ಕೇಳಿದ. ಆ ಇಬ್ಬರನ್ನೂ ಬಿಟ್ಟು ಯಂತ್ರಶಾಲೆಗೂ ಸೇರಿಸಿಕೊಳ್ಳಿ ಅಂದೆ, ಒಪ್ಪಿದರು. ಈಗ ಇಬ್ಬರೂ ಶಾಲೆಯ ಹಿಂದಿನ ಸಾಲಿನಲ್ಲಿದ್ದಾರೆ. ಸಿಕ್ಕಿಬಿದ್ದಾಗಲೆಲ್ಲ, "ಮೈಲಾರಣ್ಣ, ಸ್ವಲ್ಪ ಬನ್ನಿ," ಅನ್ನುತ್ತಾರೆ. ಹೋಗುತ್ತೇನೆ, ಮೀಸೆ ತಿರುವಿಕೊಂಡೇ ಹೋಗುತ್ತೇನೆ.

ನನಗೆ ಅರ್ಧ ರಾಜ್ಯ ಕೊಟ್ಟರು ಅಂದಿದ್ದರೆ ನೀವು ನಂಬುತ್ತಿದ್ದಿರಿ. ಕೊಡಲಿಲ್ಲ. ಕೊಟ್ಟದ್ದು ಯಂತ್ರಶಾಲೆಯಲ್ಲಿ ಒಂದು ಕುರ್ಚಿ, ರಾಜಕುಮಾರಿಯ ಪಕ್ಕದ್ದು.