ಒಬ್ಬಳ ಬಗ್ಗೆ ಎರಡು ಹಾಳೆ

ಕಪಿಲಾ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ ಇತ್ತು. ಆಶ್ರಮ ಅಂದರೆ ಎರಡು ಕೋಣೆ, ಒಂದು ಜಗಲಿ. ಅಲ್ಲಿ ಚೆನ್ನಂಜಯ್ಯ ಅಂತ ಒಬ್ಬ ಗುರು. ಓದು ಬಾರದ ದೊಡ್ಡವರಿಗೆ ಅಕ್ಷರ ಕಲಿಸುವರು. ಓದಿ ಸೋತವರು ಬಂದರೆ ಅವರನ್ನೂ ಕೂರಿಸಿಕೊಳ್ಳುವರು.

ಶಿವಮಲ್ಲಿ ಹಾಗೆ ಬಂದವಳು. ಬಂದು ಎರಡು ತಿಂಗಳಾಗಿತ್ತು.

ಕಾಲೇಜಿಗೆ ಸೇರಲು ಒಂದು ಪರೀಕ್ಷೆ. ಎರಡು ಸಲ ಬರೆದಿದ್ದಳು, ಎರಡು ಸಲವೂ ಹೋಗಿತ್ತು. ಮೂರನೆಯದೇ ಕೊನೆ. ಇದೂ ಆಗದಿದ್ದರೆ ಗಾರ್ಮೆಂಟ್ಸ್‌ಗೆ ಸೇರಿಸುತ್ತೇನೆ ಎಂದು ಸೋದರಮಾವ ಹೇಳಿಬಿಟ್ಟಿದ್ದ. ಇನ್ನು ಉಳಿದದ್ದು ನಾಲ್ಕು ದಿನ.

ಅವಳಿಗೆ ಎಲ್ಲ ಬರುತ್ತಿತ್ತು. ಜೋಡಿ ಗದ್ಯಭಾಗ ಒಂದು ಬರುತ್ತಿರಲಿಲ್ಲ.

ಒಂದೇ ವಿಷಯದ ಮೇಲೆ ಇಬ್ಬರು ಬರೆದದ್ದನ್ನು ಅಕ್ಕಪಕ್ಕ ಕೊಡುತ್ತಾರೆ. ಹೋಲಿಸಿ ಅನ್ನುತ್ತಾರೆ. ಕೊನೆಗೊಂದು ಪ್ರಶ್ನೆ: ಎರಡನೆಯದನ್ನು ಓದಿದ್ದರೆ ಮೊದಲನೆಯ ಲೇಖಕರು ಏನು ಹೇಳುತ್ತಿದ್ದರು?

"ಅಲ್ಲೇ ಎಡವೋದು ಗುರುಗಳೇ."

"ಏನು ಬರೀತೀಯ?"

"ಇಬ್ಬರಲ್ಲಿ ಯಾರು ಸರಿ ಅಂತ ನೋಡ್ತೀನಿ. ಅದನ್ನ ಬರೀತೀನಿ."

"ನಿನ್ನನ್ನ ಅದು ಕೇಳಿದಾರಾ?"

"ಕೇಳಿಲ್ಲ. ಆದ್ರೆ ಗೊತ್ತಾಗಬೇಕಲ್ಲ!"

ಗುರು ಎದ್ದು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ಹಾಳೆ ಇದ್ದವು.

"ಸಂಕ್ರಾಂತಿ ಆದ ಮೇಲೆ ಇಲ್ಲಿ ಅಕ್ಷರ ಕಲಿಯೋರಿಗೆ ಒಂದು ಕೆಲಸ ಕೊಟ್ಟಿದ್ದೆ. ತೀರಿಕೊಂಡ ಯಾರಾದರೂ ಒಬ್ಬರ ಬಗ್ಗೆ ಬರೀರಿ ಅಂತ. ಇಬ್ಬರು ಒಬ್ಬಳ ಬಗ್ಗೆಯೇ ಬರೆದರು. ಓದು."

ಶಿವಮಲ್ಲಿ ಮೊದಲನೆಯದನ್ನು ಓದಿದಳು.

'ಇಪ್ಪತ್ತೊಂಬತ್ತು ವರ್ಷ ನನ್ನ ಜೊತೆ ಬಾಳಿದಳು. ಅವಳಿಗೆ ಮಾತು ಕಮ್ಮಿ. ಕೇಳಿದ್ದಕ್ಕೆ ಹೂಂ ಅನ್ನುವಳು. ಊಟಕ್ಕೆ ಬಡಿಸಿ ಬಾಗಿಲ ಹತ್ತಿರ ನಿಲ್ಲುವಳು. ಅಂಥ ಶಾಂತಿ ನಾನು ಬೇರೆ ಯಾರಲ್ಲೂ ಕಾಣಲಿಲ್ಲ.'

ಎರಡನೆಯದು ದಪ್ಪ ಅಕ್ಷರ. ಸಾಲು ಮೇಲಕ್ಕೂ ಕೆಳಕ್ಕೂ ಓಡಿತ್ತು.

'ಅವಳು ಹೊಳೆಗೆ ಬಂದರೆ ನಮ್ಮ ಕೈ ನಿಂತುಹೋಗುತ್ತಿತ್ತು. ಅಷ್ಟು ಮಾತು. ನಗಿಸಿ ನಗಿಸಿ ಹೊಟ್ಟೆ ನೋಯಿಸುತ್ತಿದ್ದಳು. ನಗುವಾಗ ಕೈ ಬಿಟ್ಟು ನನ್ನ ಹಸಿರು ಸೀರೆ ಹೊಳೆಯಲ್ಲಿ ಹೋಯಿತು. ಈಗ ಬಟ್ಟೆ ಕುಕ್ಕುವ ಸದ್ದು ಒಂದೇ.'

ಶಿವಮಲ್ಲಿ ಪೆನ್ನು ತೆಗೆದಳು. 'ಮೊದಲನೆಯ ಲೇಖಕರ ಪ್ರಕಾರ ಆಕೆಗೆ ಮಾತು ಕಡಿಮೆ. ಆದರೆ ಎರಡನೆಯ ಲೇಖಕರ ಪ್ರಕಾರ ಆಕೆ ಮಾತುಗಾತಿ.'

ಗುರು 'ಆದರೆ' ಮೇಲೆ ಬೆರಳಿಟ್ಟರು. "ಇದನ್ನ ತೆಗಿ."

"ತೆಗೆದರೆ ಹೋಲಿಕೆ ಎಲ್ಲಿ ಬಂತು?"

"ತೆಗಿ."

ಹೊಡೆದು ಹಾಕಿದಳು. ಎರಡು ವಾಕ್ಯ ಪಕ್ಕಪಕ್ಕ ನಿಂತವು, ಬಸ್ಸಿಗೆ ಕಾಯುವ ಗುರುತಿಲ್ಲದ ಇಬ್ಬರ ಹಾಗೆ.

"ಹೀಗೆ ಬಿಟ್ಟರೆ ಹೇಗೆ ಗುರುಗಳೇ? ಇಬ್ಬರಲ್ಲಿ ಒಬ್ಬರು ಸುಳ್ಳು ಬರೆದಿದಾರೆ."

"ಯಾರು?"

"ಮೊದಲನೆಯವರು ಗಂಡ. ಅಷ್ಟು ವರ್ಷ ಜೊತೆಗಿದ್ದೋರು, ಅವರಿಗೆ ಗೊತ್ತಿರುತ್ತೆ." ಇನ್ನೊಮ್ಮೆ ನೋಡಿದಳು. "ಅಲ್ಲ, ಸೀರೆ ಕಳಕೊಂಡೋಳು ಸುಳ್ಳು ಯಾಕೆ ಬರೀತಾಳೆ? ಆ ಗಂಡನಿಗೇ ಕಿವುಡು ಇರಬೇಕು!"

ತನ್ನ ಮಾತಿಗೆ ತಾನೇ ನಕ್ಕಳು.

"ಇರಬಹುದು" ಅಂದರು ಗುರು. "ಎರಡನೆಯದನ್ನ ಬರೆದದ್ದು ನಮ್ಮ ಸಿದ್ದಮ್ಮ. ಈಗ ಹೊಳೆ ಹತ್ತಿರ ಇರ್ತಾಳೆ. ಹೋಗಿ ಕೇಳಿಕೊಂಡು ಬಾ."

ಸಿದ್ದಮ್ಮ ಮೊಣಕಾಲುದ್ದ ನೀರಲ್ಲಿ ನಿಂತು ಕಂಬಳಿ ತುಳಿಯುತ್ತಿದ್ದಳು.

"ಸಿದ್ದಮ್ಮೋರೇ, ನೀವು ಬರೆದಿದ್ದೀರಲ್ಲ, ಆ ಹೆಂಗಸು ನಿಜವಾಗ್ಲೂ ಅಷ್ಟು ಮಾತಾಡ್ತಿದ್ರಾ?"

"ಅಷ್ಟಾ? ಹಾಳೇಲಿ ಜಾಗ ಸಾಲ್ದೆ ಕಮ್ಮಿ ಬರ್ದಿವ್ನಿ ಕಣವ್ವ."

"ಅವರ ಯಜಮಾನರು ಮಾತೇ ಕಮ್ಮಿ ಅಂತ ಬರೆದಿದಾರೆ."

ಸಿದ್ದಮ್ಮ ಸೊಂಟಕ್ಕೆ ಕೈ ಕೊಟ್ಟು ನಕ್ಕಳು. "ಜಗ್ಲಿ ತುಂಬ ಅವರದೇ ಮಾತು. ಬೆಳಗಿಂದ ಬೈಗಿನ ತನಕ ಪಾಠ. ಮಧ್ಯ ಇವಳು ಎಲ್ಲಿ ಬಾಯಿ ಹಾಕಾಳು? ಬಟ್ಟೆ ಗಂಟಿನ ಜೊತೆ ಅದನ್ನೂ ಕಟ್ಕೊಂಡು ಇಲ್ಲಿಗೆ ತರೋಳು."

"ಯಾವ ಜಗಲಿ?"

"ಯಾವ ಜಗ್ಲಿ ಅಂತೀಯಲ್ಲೇ! ನೀನು ದಿನಾ ಕೂರೋ ಜಗ್ಲಿ. ಗುರುಗಳೂ ನಮ್ಮ ಜೊತೆ ಅಲ್ಲೇ ಕೂತು ಬರ್ದ್ರು. ಅವಳು ನಿಮ್ಮ ಗುರುಗಳ ಹೆಂಡ್ತಿ ಕಣವ್ವ."

ಶಿವಮಲ್ಲಿಗೆ ತಾನಂದ ಮಾತು ನೆನಪಾಯಿತು. ಕಿವುಡು ಅಂದಿದ್ದಳು. ಅವರ ಮುಂದೆಯೇ ನಕ್ಕಿದ್ದಳು.

"ಯಾಕವ್ವ, ಮೊಕ ಹಿಂಗಾಯ್ತು?"

"ಏನಿಲ್ಲ" ಅಂದಳು.

ಬಂದ ದಾರಿಯಲ್ಲೇ ಹಿಂದಿರುಗಿದಳು. ಹೊಳೆಗೆ ಬರುವಾಗ ಐದು ನಿಮಿಷದ ದಾರಿ. ಮರಳುವಾಗ ಬಹಳ ಹೊತ್ತಾಯಿತು.

ಗುರು ಕುಳಿತ ಕಡೆಯೇ ಕುಳಿತಿದ್ದರು. ಹಾಳೆಗಳು ಗಾಳಿಗೆ ಹಾರದ ಹಾಗೆ ಮೇಲೆ ಕೈ ಇಟ್ಟಿದ್ದರು.

ಶಿವಮಲ್ಲಿ ಕಾಲಿಗೆ ಬಿದ್ದಳು. "ತಪ್ಪಾಯ್ತು ಗುರುಗಳೇ. ಯಾರು ಅಂತ ತಿಳೀದೆ ಅಂದುಬಿಟ್ಟೆ."

"ತಿಳಿದಿದ್ರೆ ಬೇರೆ ಉತ್ತರ ಹೇಳ್ತಿದ್ಯಾ? ಅದೂ ತಪ್ಪೇ. ಏಳು. ಪ್ರಶ್ನೆ ಇನ್ನೂ ಹಾಗೇ ಇದೆ."

"ಯಾವ ಪ್ರಶ್ನೆ?"

"ಎರಡನೆಯದನ್ನ ಓದಿದ್ದರೆ ಮೊದಲನೆಯವನು ಏನು ಹೇಳ್ತಿದ್ದ? ನಿನ್ನ ಮಾತು ಬೇಡ. ಅವನದು ಹೇಳು."

"ನಿಮ್ಮೆದುರಿಗೆ ಹೇಗೆ ಹೇಳಲಿ?"

"ನಾನು ಇಲ್ಲಿಲ್ಲ ಅಂದುಕೋ. ಪರೀಕ್ಷೆಯಲ್ಲಿ ನಾನು ಇರ್ತೀನಾ? ಹಾಳೆಯಲ್ಲಿ ಎಷ್ಟಿದೆಯೋ ಅಷ್ಟು ನೋಡು."

ಶಿವಮಲ್ಲಿ ಹಾಳೆ ತೆಗೆದುಕೊಂಡಳು. ಮೊದಲನೆಯದನ್ನು ಓದಿದಳು. ಮತ್ತೆ ಓದಿದಳು. ಯಾರು ಸರಿ ಎಂದು ಹುಡುಕಲಿಲ್ಲ. ಹುಡುಕಬೇಕು ಅನ್ನಿಸಲೂ ಇಲ್ಲ.

'ಊಟಕ್ಕೆ ಬಡಿಸಿ ಬಾಗಿಲ ಹತ್ತಿರ ನಿಲ್ಲುವಳು.'

ಅವಳ ಬೆರಳು ಅಲ್ಲಿ ನಿಂತಿತು.

"ಇವರು ಸಿಟ್ಟಾಗಲ್ಲ" ಅಂದಳು ಮೆಲ್ಲಗೆ. "ಸುಳ್ಳು ಅಂತಾನೂ ಅನ್ನಲ್ಲ."

"ಹೇಗೆ ಹೇಳ್ತೀಯ?"

"ಅವಳು ಬಾಗಿಲಲ್ಲಿ ನಿಲ್ತಿದ್ದದ್ದನ್ನ ಇವರೇ ಬರೆದಿದಾರೆ. ಬಡಿಸಿಯಾಯ್ತು, ಒಳಗೆ ಹೋಗಬಹುದಿತ್ತು. ಸುಮ್ಮನೆ ಯಾರು ನಿಲ್ತಾರೆ? ಎರಡನೆಯದನ್ನ ಓದಿದ ಮೇಲೆ ಇವರಿಗೆ ಆ ಬಾಗಿಲೇ ನೆನಪಾಗುತ್ತೆ."

ಗುರು ಹೊಳೆಯ ಕಡೆ ತಿರುಗಿದರು. ಕಂಬಳಿ ಕುಕ್ಕುವ ಸದ್ದು ಕೇಳುತ್ತಿತ್ತು.

"ಹೋಗಿ ಬರಿ ಪರೀಕ್ಷೆ" ಅಂದರು. "ಈ ಸಲ ನೀನು ಎಡವಲ್ಲ."

ಶಿವಮಲ್ಲಿ ಪುಸ್ತಕ ಎತ್ತಿಕೊಂಡಳು. ಜಗಲಿ ಇಳಿದಳು. ಇಳಿದವಳು ನಿಂತಳು.

"ಗುರುಗಳೇ, ಇಷ್ಟು ಕೇಳಬಹುದಾ? ಸಿದ್ದಮ್ಮ ಬರೆದದ್ದನ್ನ ಓದಿ ನೀವು ನಿಜವಾಗಿ ಏನಂದ್ರಿ?"

"ಸಿದ್ದಮ್ಮನ ಮನೆಗೆ ಹೋದೆ. ನಮ್ಮವಳು ಏನೇನು ಮಾತಾಡ್ತಿದ್ದಳು, ಮೊದಲಿಂದ ಹೇಳವ್ವ ಅಂದೆ."