ಹುಲಿಕಟ್ಟೆ ಬಸ್ ಸ್ಟ್ಯಾಂಡ್ ಕಾದ ಕೊಟ್ರ

ಹೂಂಗುಟ್ಟೋರು ಹತ್ತಿರ ಬರ್ರಿ, ಬಸ್ಸಿಗೆ ಹೊತ್ತಾದೋರು ಎದ್ದು ಹೋಗ್ರಿ. ಇದು ಹುಲಿಕಟ್ಟೆ ಬಸ್ ಸ್ಟ್ಯಾಂಡಿನ ಕತೆ.

ಹುಲಿಕಟ್ಟೇಲಿ ಸಣ್ಣೀರವ್ವ ಅಂತ ಒಬ್ಬ ತಾಯಿ. ಅವಳಿಗೆ ಕೊಟ್ರ ಅಂತ ಒಬ್ಬನೇ ಮಗ. ಆಳೆತ್ತರ ಬೆಳೆದಿದ್ದ, ಮೀಸೆ ಬಂದಿತ್ತು, ಬುದ್ಧಿ ಮಾತ್ರ ಹಿಂದಿನ ಬಸ್ಸಿಗೆ ಬರ್ತೀನಿ ಅಂತ ಉಳಕೊಂಡಿತ್ತು. ಕೂತ್ಕೋ ಅಂದರೆ ಕೂರೋನು. ಏಳು ಅನ್ನೋದು ಮರೆತರೆ ಸಂಜೆವರೆಗೂ ಕೂತೇ ಇರೋನು.

ಕೊಟ್ರನ ಅಪ್ಪ ಬಸ್ ಸ್ಟ್ಯಾಂಡಿನ ಕಾವಲುಗಾರ. ಆ ಕೆಲಸಕ್ಕೆ ಅಂತ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಒಂದು ಬಾಗಿಲು, ಒಂದು ಚಿಲಕ, ಒಂದು ಒಲೆ. ಅಪ್ಪ ತೀರಿಕೊಂಡ. ಈಗ ಕೆಲಸ ಹೋದರೆ ಕೋಣೇನೂ ಹೋಯಿತು!

ಸ್ಟ್ಯಾಂಡಿನ ಕಂಟ್ರೋಲರ್ ಪಂಪಾಪತಿ ಸಣ್ಣೀರವ್ವನ್ನ ಕರೆದು ಅಂದರು, "ನೋಡವ್ವಾ, ಶನಿವಾರ ಮೇಲಿನ ಸಾಹೇಬರು ಭದ್ರತೆ ಪರೀಕ್ಷೆ ಮಾಡೋಕೆ ಬರ್ತಾರೆ. ಅಲ್ಲೀವರೆಗೆ ನಿನ್ನ ಮಗನ್ನ ನಿಲ್ಲಿಸು. ಸರಿಹೋದರೆ ಕೆಲಸ ಅವನದು, ಕೋಣೆ ನಿಂದು. ಇಲ್ಲಾಂದ್ರೆ ಗಂಟುಮೂಟೆ ಕಟ್ಟು."

"ಆಗಲಿ ಸ್ವಾಮಿ," ಅಂದಳು ಸಣ್ಣೀರವ್ವ.

ಬುಧವಾರ ಬೆಳಿಗ್ಗೆ ಕಂಟ್ರೋಲರು ಕೊಟ್ರನ ಕೈಗೆ ಸೀಟಿ ಕೊಟ್ಟರು. "ಕೇಳಲೇ ಕೊಟ್ರಾ. ಕಾಲ ಕೆಟ್ಟೈತೆ. ಹಾಕಿದೋರು ಕಾಣದೆ ಬರೀ ಸಾಮಾನು ಬಿದ್ದಿದ್ದರೆ ಅದನ್ನ ಮುಟ್ಟಬೇಡ. ಸೀಟಿ ಊದು! ಎಲ್ಲರನ್ನೂ ಕೆರೆ ಏರಿಗೆ ಓಡಿಸು! ತಿಳೀತಾ?"

"ತಿಳೀತು ಸಾ!"

ಅಷ್ಟರಲ್ಲಿ ಎಂಟೂವರೆ ಬಸ್ಸು ಬಂತು. ನಮ್ಮ ಕಡೆ ಬಸ್ಸು ಬಂದರೆ ಏನಾಗುತ್ತೆ ನಿಮಗೇ ಗೊತ್ತು. ಬಾಗಿಲಲ್ಲಿ ನೂಕಾಟ, ಕಿಟಕೀಲಿ ಸೀಟು ಹಿಡಿಯಾಟ. ಒಬ್ಬ ಟವೆಲ್ ಎಸೆದ. ಒಬ್ಬಳು ಚೀಲ ಎಸೆದಳು. ಒಬ್ಬ ಏನೂ ಸಿಗದೆ ಎಡಗಾಲಿನ ಚಪ್ಪಲಿ ಎಸೆದ. ಕೊಟ್ರ ಕಿಟಕೀಲಿ ಇಣುಕಿದ. ಅಬಬಬಾ! ಸೀಟಿನ ತುಂಬ ಸಾಮಾನು, ಹಾಕಿದೋರು ಒಬ್ಬರೂ ಇಲ್ಲ!

ಪೀಈಈ! ಪೀಈಈ!

"ಓಡ್ರೋ! ಟವೆಲ್ ಐತೆ! ಚೀಲ ಐತೆ! ಚಪ್ಪಲಿ ಐತೆ, ಅದೂ ಒಂದೇ ಐತೆ! ಓಡ್ರೋ ಕೆರೆ ಏರಿಗೆ!"

ಜನ ಎದ್ದೆವೋ ಬಿದ್ದೆವೋ ಅಂತ ಓಡಿದರು. ಡ್ರೈವರಣ್ಣ ಹೆದರಿ ಬಸ್ಸು ತಗೊಂಡು ಅವರಿಗಿಂತ ಮುಂಚೆ ಓಡಿದ. ನಲವತ್ತು ಟವೆಲುಗಳು ಆರಾಮಾಗಿ ಕೂತು ಪ್ರಯಾಣ ಮಾಡಿದವು. ನಲವತ್ತು ಜನ ಕೆರೆ ಏರಿ ಮೇಲೆ ನಿಂತು ಟಾಟಾ ಮಾಡಿದರು.

"ಲೇ ಪೆದ್ದೇ!" ಕಂಟ್ರೋಲರು ಕೂಗಾಡಿದರು. "ಅದು ಸೀಟು ಹಿಡಿಯೋ ಪದ್ಧತಿ ಕಣೋ! ಯಾರು ಸಾಮಾನು ಹಾಕಿರ್ತಾರೋ ಜಾಗ ಅವರದು! ಇನ್ನೊಬ್ಬರು ಕಿತ್ಕೊಳ್ಳೋ ಹಂಗಿಲ್ಲ!"

ಸಣ್ಣೀರವ್ವ ಹಣೆ ಚಚ್ಚಿಕೊಂಡಳು. "ನನ್ನ ಹೊಟ್ಟೇಲಿ ಅದೆಂಗೆ ಹುಟ್ಟಿದೆಯೋ! ಸೀಟಿ ಊದೋಕೆ ಮುಂಚೆ 'ಇದು ಯಾರದು?' ಅಂತ ಕೇಳಬೇಕಪ್ಪಾ. ಯಾರಾದರೂ 'ನಂದು' ಅಂದರೆ ಕೊಟ್ಟುಬಿಡಬೇಕು."

"ಹಂಗೇ ಮಾಡ್ತೀನಿ ಅವ್ವಾ!"

ಗುರುವಾರ ಬಂತು. ಮರಿಸ್ವಾಮಿ ಅಂತ ಒಬ್ಬ ಜಂಬದವನಿದ್ದ. ಗುಡ್ಡ ತೋರಿಸಿದರೂ "ನಮ್ಮಜ್ಜಂದು" ಅನ್ನೋನು. ಅವನು ಬೆಂಚಿನ ಮೇಲೆ ಕೂತು ಕಡಲೇಕಾಯಿ ತಿಂತಿದ್ದ. ಕೊಟ್ರ ಹೋಗಿ ಕೇಳಿದ, "ಈ ಬೆಂಚು ಯಾರದು?"

"ಯಾರದಾ? ನಂದು!"

"ಹಂಗಾದ್ರೆ ತಗೊಂಡು ಹೋಗು! ಆ ಗಡಿಯಾರ?"

"ಅದೂ ನಂದೇ!"

"ಕಂಟ್ರೋಲರ್ ಸಾಹೇಬರ ಕುರ್ಚಿ?"

"ಅಯ್ಯೋ, ಅದು ಹಳೇದು. ನಮ್ಮ ಮನೇದೇ!"

ಕಂಟ್ರೋಲರು ಚಾ ಕುಡಿದು ಬರೋದರೊಳಗೆ ಬೆಂಚು ಎತ್ತಿನ ಗಾಡಿ ಮೇಲೆ, ಗಡಿಯಾರ ಬೆಂಚಿನ ಮೇಲೆ, ಕುರ್ಚಿ ಮರಿಸ್ವಾಮಿ ತಲೆ ಮೇಲೆ. ಹೊರಿಸಿದೋನು ಯಾರು? ನಮ್ಮ ಕೊಟ್ರ! "ಹುಷಾರಾಗಿ ಹೋಗಣ್ಣ, ಒಂದು ಕಾಲು ಅಲ್ಲಾಡ್ತೈತೆ!" ಅಂತ ಬುದ್ಧಿ ಬೇರೆ ಹೇಳಿದ.

ಕಂಟ್ರೋಲರು ಬಂದು, ರೂಢಿ ಮೇಲೆ ಕೂತರು. ದಬ್!

"ಅಯ್ಯಯ್ಯಪ್ಪೋ! ಲೇ ದಡ್ಡ! ನಂದು ಅಂದೋರಿಗೆಲ್ಲ ಕೊಡ್ತಾರೇನೋ?"

"ಅವ್ವ ಹೇಳಿದ್ಲು ಸಾ."

"ಅವ್ವ ಹೇಳಿದ್ಲಂತೆ, ಅವ್ವ! ನಂದು ಅಂದರೆ 'ಒಳಗೇನೈತೆ ಹೇಳು' ಅನ್ನಬೇಕು. ಬಿಚ್ಚಿ ನೋಡಬೇಕು. ಹೇಳಿದ್ದು ಸರಿಯಿದ್ದರೆ ಅವರದು, ಹೇಳೋಕೆ ಬರದಿದ್ದರೆ ಅವರದಲ್ಲ. ಬಿಚ್ಚಿ ನೋಡದೆ ಒಬ್ಬರನ್ನೂ ಒಳಗೆ ಬಿಡಬೇಡ!"

"ಬಿಡಲ್ಲ ಸಾ, ಬಿಚ್ತೀನಿ!"

ಶುಕ್ರವಾರ ಬಿಚ್ಚಿದ ನೋಡ್ರಿ! ಗೌಡರ ಮನೆಯವರು ಹೆಣ್ಣು ನಿಶ್ಚಯಕ್ಕೆ ಹೊರಟಿದ್ದರು. ಐದು ಜನ ಹಿರೇರು, ಐದು ರುಮಾಲು, ಒಂದೊಂದೂ ಹನ್ನೆರಡು ಮೊಳ. ಬುಟ್ಟೀಲಿ ಇಪ್ಪತ್ತೊಂದು ತೆಂಗಿನಕಾಯಿ.

"ನಿಲ್ರಿ! ರುಮಾಲಿನ ಒಳಗೇನೈತೆ?"

"ತಲೆ ಐತೆ ಕಣೋ ಮಂಗ್ಯಾ!"

"ನೋಡಬೇಕು!"

ಎಳೆದ. ಗೌಡರು ಬುಗುರಿ ಹಂಗೆ ಗಿರಗಿರ ಗಿರಗಿರ! ಒಬ್ಬರಾದ ಮೇಲೆ ಒಬ್ಬರು, ಐದೂ ಜನ ಗಿರಗಿರ! ಅರವತ್ತು ಮೊಳ ಬಟ್ಟೆ ಸ್ಟ್ಯಾಂಡಿನ ತುಂಬ ಹಾಸಿಕೊಂಡಿತು. "ಹೌದು, ತಲೆ ಐತೆ. ಇವರದು ಬೋಳು ಐತೆ. ಹೋಗ್ರಿ! ಈ ಕಾಯಿ ಒಳಗೇನೈತೆ?"

"ನೀರು ಐತೆ!"

ಟಪ್! "ಹೌದು, ನೀರು. ಇದರಾಗೆ?" ಟಪ್! "ಇದರಾಗೂ ನೀರು. ಇದರಾಗೆ?" ಟಪ್! ಟಪ್! ಟಪ್! ಇಪ್ಪತ್ತೊಂದೂ ಒಡೆದ. ಶುಭಕಾರ್ಯಕ್ಕೆ ಒಡೆದ ಕಾಯಿ ತಗೊಂಡು ಹೋಗೋದುಂಟಾ? ಬಿಚ್ಚಿದ ರುಮಾಲಲ್ಲಿ ಬೀಗರ ಮನೆ ಹೊಕ್ಕೋದುಂಟಾ? ಗೌಡರು ಮೀಸೆ ಕುಣಿಸಿಕೊಂಡು ವಾಪಸ್ ಹೋದರು.

"ನಾಳೆ ಸಾಹೇಬರು ಬರ್ತಾರೆ, ಇವನು ನನ್ನ ಮಾನ ಕಳೀತಾನೆ!" ಕಂಟ್ರೋಲರು ಗೋಳಾಡಿದರು. ಸಣ್ಣೀರವ್ವ ಅವರ ಕಾಲು ಹಿಡಿದಳು. "ಇನ್ನೊಂದು ದಿನ ಸ್ವಾಮಿ! ಈ ವಯಸ್ಸಲ್ಲಿ ಒಲೆ ಹೊತ್ಕೊಂಡು ಎಲ್ಲಿಗೆ ಹೋಗಲಿ?"

ಕಂಟ್ರೋಲರ ಮನಸ್ಸು ಕರಗಿತು. "ಕೇಳಲೇ, ಇದೇ ಕೊನೆ. ಮರ್ಯಾದಸ್ಥರ ತಂಟೆಗೆ ಹೋಗಬೇಡ. ಸಂಶಯ ಬಂದೋನನ್ನ ಮಾತ್ರ ಹಿಡಿ. ಮುಖ ಮುಚ್ಚಿಕೊಂಡು, ಅತ್ತ ಇತ್ತ ನೋಡ್ತಾ, ಅಲ್ಲಲ್ಲೇ ಸುಳಿದಾಡ್ತಾನಲ್ಲ, ಅವನೇ ಕಳ್ಳ. ಹಿಡಿ, ಕೋಣೆಗೆ ನೂಕು, ಚಿಲಕ ಹಾಕು. ಅವನು ಏನು ಬೊಬ್ಬೆ ಹೊಡೆದರೂ ಈ ಪಂಪಾಪತಿ ಬಂದು ಹೇಳೋವರೆಗೂ ಬಿಡಬೇಡ!"

"ಬಿಡಲ್ಲ ಸಾ!"

ಶನಿವಾರ. ಕಂಟ್ರೋಲರಿಗೆ ನೆಗಡಿ. ಮೂಗು ಬಾಯಿ ಸೇರಿಸಿ ಮಫ್ಲರ್ ಸುತ್ತಿದ್ದರು. ಸಾಹೇಬರು ಬಂದರಾ ಅಂತ ಅತ್ತ ನೋಡಿದರು, ಇತ್ತ ನೋಡಿದರು, ಆ ಕಂಬದಿಂದ ಈ ಕಂಬಕ್ಕೆ ಸುಳಿದಾಡಿದರು. ಕೊಟ್ರ ಕಣ್ಣು ಕಿರಿದು ಮಾಡಿದ. ಮುಖ ಮುಚ್ಚೈತೆ! ಅತ್ತ ಇತ್ತ ನೋಡ್ತೈತೆ! ಸುಳಿದಾಡ್ತೈತೆ!

ಹಿಡಿದ. ಎತ್ತಿದ. ಅವ್ವನ ಕೋಣೆಗೆ ನೂಕಿ ಚಿಲಕ ಹಾಕಿದ. ಅವನಿಗೆ ಗೊತ್ತಿದ್ದ ಕೋಣೆ ಅದೊಂದೇ!

"ಲೇ! ನಾನು ಕಣೋ ಪಂಪಾಪತಿ!"

"ಪಂಪಾಪತಿ ಸಾಹೇಬರು ಬರಲಿ, ಬಿಡ್ತೀನಿ."

"ಬಂದಿದ್ದೀನಿ ಕಣೋ!"

"ಎಲ್ಲಿ ಬಂದಿದ್ದೀಯ? ನೀನು ಒಳಗಿದ್ದೀಯ!"

ಆಗ ಬಂದರು ಮೇಲಿನ ಸಾಹೇಬರು. ಗುರುತು ಸಿಗಬಾರದು ಅಂತ ಮೋಟರ್ ಸೈಕಲ್ ಮೇಲೆ, ಹೆಲ್ಮೆಟ್ ಹಾಕ್ಕೊಂಡೇ ಬಂದರು. ಒಂದು ಚೀಲ ಕಂಬದ ಬುಡಕ್ಕೆ ಇಟ್ಟು, ಮರೆಗೆ ನಿಂತು ಇಣುಕಿದರು. ಅದೇ ಪರೀಕ್ಷೆ!

ಕೊಟ್ರ ಚೀಲ ನೋಡಿದ. "ಇದು ಯಾರದು?" ಯಾರೂ 'ನಂದು' ಅನ್ನಲಿಲ್ಲ. ಪೀಈಈ! ಹುಲಿಕಟ್ಟೆ ಜನಕ್ಕೆ ಆ ಸೀಟಿ ಗೊತ್ತಲ್ಲ! ಕಣ್ಣು ಮಿಟುಕಿಸೋದರೊಳಗೆ ಸ್ಟ್ಯಾಂಡು ಖಾಲಿ. ಹೋಟೆಲಿನವನು ಓಡಿದ, ಅವನ ಹಿಂದೆ ಗಿರಾಕಿ ಓಡಿದ, ಗಿರಾಕಿ ಕೈಯಲ್ಲಿ ವಡೆ ಓಡಿತು.

ಸಾಹೇಬರು ಚಪ್ಪಾಳೆ ತಟ್ಟಿಕೊಂಡು ಹೊರಗೆ ಬಂದರು. "ಭೇಷ್! ಇಂಥ ಕಾವಲು ನಾನೆಲ್ಲೂ ನೋಡಿಲ್ಲ! ಚೀಲ ನಂದೇ ಕಣಪ್ಪಾ."

"ಒಳಗೇನೈತೆ ಹೇಳಿ."

"ಇಟ್ಟಿಗೆ."

ಬಿಚ್ಚಿದ. ಇಟ್ಟಿಗೆ! "ಸರಿ, ತಗೊಳ್ರಿ." ಕೊಟ್ಟ. ಕೊಟ್ಟು ಮುಖ ನೋಡಿದ. ಮುಖ ಎಲ್ಲಿ? ಮುಚ್ಚೈತೆ! ಮರೇಲಿ ನಿಂತು ಇಣುಕಿದ್ದೂ ಇವನೇ! ಹಿಡಿದ. ಎತ್ತಿದ. ನೂಕಿದ. ಚಿಲಕ ಹಾಕಿದ.

ನೀರು ತರೋಕೆ ಹೋಗಿದ್ದ ಸಣ್ಣೀರವ್ವ ಬಂದಳು. ಕೋಣೆ ಒಳಗೆ ದಬದಬ! "ಅವ್ವಾ, ನಾನು ಪಂಪಾಪತಿ! ಇವರು ಮೇಲಿನ ಸಾಹೇಬರು! ಚಿಲಕ ತೆಗಿ!"

ಕೊಡ ಕೈಜಾರಿತು. "ಅಯ್ಯೋ ಹಾಳಾದೋನೇ! ಕೋಣೆ ಹೋಯ್ತಲ್ಲೋ!"

"ಹೆಂಗೆ ಹೋಗುತ್ತೆ ಅವ್ವಾ?" ಕೊಟ್ರ ನಕ್ಕ. "ಸಾಮಾನು ಹಾಕಿದೋರದೇ ಜಾಗ ಅಂದಿದ್ರಲ್ಲ? ಬಸ್ಸಿಗೆ ಟವೆಲ್ ಹಾಕ್ತಾರೆ. ನಮ್ಮ ಕೋಣೆಗೆ ನಾನು ಕಂಟ್ರೋಲರನ್ನೇ ಹಾಕಿದೀನಿ! ಮೇಲೊಂದು ಸಾಹೇಬರನ್ನ ಹಾಕಿದೀನಿ! ಇನ್ಯಾರು ಕಿತ್ಕೊಳ್ತಾರೆ?"

ಒಳಗಿಂದ ಸಾಹೇಬರ ದನಿ ಬಂತು. ಪಾಪ, ಒಳ್ಳೇ ಮನುಷ್ಯ. ಇಲ್ಲ ಒಲೆ ಹೊಗೆ ತಡೆಯೋಕಾಗಲಿಲ್ಲವೋ ಏನೋ! "ಅಮ್ಮಾ, ನನ್ನನ್ನೇ ಹಿಡಿದನಲ್ಲ, ಕಾವಲು ಗಟ್ಟಿ ಐತೆ! ಕೆಲಸ ಖಾಯಂ, ಕೋಣೆ ಖಾಯಂ! ಬರೆದು ರುಜು ಹಾಕಿದೀನಿ, ತಗೋ! ಮೊದಲು ಚಿಲಕ ತೆಗಿ!"

ಬಾಗಿಲ ಸಂದೀಲಿ ಒಂದು ಚೀಟಿ ಸರಕ್ಕನೆ ಹೊರಗೆ ಬಂತು. ಸಣ್ಣೀರವ್ವ ಕಣ್ಣೀರು ಒರೆಸಿಕೊಂಡು ಬಗ್ಗಿದಳು.

ಕೊಟ್ರ ನೋಡಿದ. ನೆಲದ ಮೇಲೆ ಚೀಟಿ! ಹಾಕಿದೋರು ಕಾಣ್ತಿಲ್ಲ!

ಪೀಈಈಈಈ!

ಅವ್ವನ್ನ ಎತ್ತಿ ಹೆಗಲ ಮೇಲೆ ಹಾಕ್ಕೊಂಡು ಓಡಿದ ನೋಡ್ರಿ, ಕೆರೆ ಏರಿ ಬಂದ ಮೇಲೇ ಇಳಿಸಿದ್ದು.

"ಬಿಡೋ ಮುಂಡೇದೇ! ಅದು ನಂದು ಕಣೋ! ಆ ಚೀಟಿ ನಂದು!"

ಕೊಟ್ರ ಸೊಂಟದ ಮೇಲೆ ಕೈ ಇಟ್ಟು ಗಂಭೀರವಾಗಿ ನಿಂತ. "ನಿಂದಾ? ಹಂಗಾದ್ರೆ ಒಳಗೇನೈತೆ ಹೇಳು. ಒಂದಕ್ಷರ ಬಿಡದೆ ಓದಿದಂಗೆ ಹೇಳು."

"ಅಯ್ಯೋ, ನಂಗೆಲ್ಲಿ ಓದೋಕೆ ಬರುತ್ತೋ!"

"ಹಂಗಾದ್ರೆ ನಿಂದಲ್ಲ ಬಿಡು," ಅಂದ ಕೊಟ್ರ, ಅವ್ವನ ಕೈ ಗಟ್ಟಿಯಾಗಿ ಹಿಡಕೊಂಡು ಪಂಪಾಪತಿ ಬರೋ ದಾರಿ ನೋಡ್ತಾ ಕೂತ.

ಅಲ್ಲಿ ಬಾಗಿಲು ದಬದಬ ಅಂತಿತ್ತು, ಇಲ್ಲಿ ನನ್ನ ಬಸ್ಸು ಬಂತು, ನಾನು ಟವೆಲ್ ಎಸೆದು ಹತ್ತಿಬಿಟ್ಟೆ.