ಬೇಸಿಗೆಯಲ್ಲೂ ಬಿಚ್ಚದ ಕಂಬಳಿ

"ಕೇಳ್ರಪ್ಪೋ ಕೇಳಿ! ಅರಸು ವೀರಭೋಗರಾಯರ ಅಪ್ಪಣೆ! ಅರಸುಮಗಳು ನೀಲಾಂಬೆ ಮೂರು ಒಗಟು ಹಾಕ್ತಾಳೆ. ಬಿಡಿಸಿದವನಿಗೆ ಮಗಳೂ ಉಂಟು, ಅರ್ಧ ರಾಜ್ಯವೂ ಉಂಟು. ಸಭೆಯಲ್ಲಿ ತಪ್ಪು ಉತ್ತರ ಹೇಳಿದವನು ಯಾರೇ ಆಗಲಿ, ತಲೆ ಹೋಗ್ತದೆ! ಒಗಟಿನ ಮಣೆ ಮೇಲೆ ಕೂತವನ ಮಾತಿಗೆ ಯಾರೂ ಅಡ್ಡಬಾಯಿ ಹಾಕೋ ಹಾಗಿಲ್ಲ!"

ಇಷ್ಟು ಕೂಗುವಷ್ಟರಲ್ಲಿ ಡಂಗುರದವನು ಬೆವರಿ ತೊಪ್ಪೆಯಾಗಿದ್ದ. ಮಾಘದಲ್ಲೇ ವೈಶಾಖದ ಬಿಸಿಲು. ಊರ ಗಂಡಸರಿಗೆಲ್ಲ ಮಗಳ ಮಾತು ಕೇಳಿಸಿತು, ರಾಜ್ಯದ ಮಾತು ಕೇಳಿಸಿತು. ಕುಂಬಾರರ ಅಣ್ಣಿಗನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ.

ಯಾಕೆಂದರೆ ಮೂರು ವರ್ಷದಿಂದ ಅವನ ಮಾತಿಗೆ ಅಡ್ಡಬಾಯಿ ಬೀಳುತ್ತಲೇ ಇತ್ತು. ಕಡಲು ಅವನ ಹಿತ್ತಿಲು ನುಂಗಿತು. ಮಣ್ಣು ತೆಗೆಯುವ ಗುಂಡಿಗೆ ಉಪ್ಪುನೀರು ನುಗ್ಗಿ, ಸುಟ್ಟ ಮಡಕೆಯೆಲ್ಲ ಹಪ್ಪಳದ ಹಾಗೆ ಪದರು ಏಳತೊಡಗಿತು. ಏಳು ಸಲ ಅರಮನೆಗೆ ಹೋದ. ಏಳು ಸಲವೂ ಅರಮನೆ ನೋಡಿಕೊಳ್ಳೋ ಪಾರುಪತ್ಯಗಾರ, "ಬುದ್ಧಿಯವರಿಗೆ ಸೆಖೆ ಕಣೋ, ತಂಪಾದ ಮೇಲೆ ಬಾ" ಅಂತ ಅಟ್ಟಿದ. ತಂಪು ಎಲ್ಲಿಂದ ಬರಬೇಕು?

ಅರಮನೆಯ ಕತೆ ಊರಿಗೇ ಗೊತ್ತು. ಕಿರಿರಾಣಿ ದಿನಕ್ಕೆ ಮೂರು ಸಲ ಸುಡುಸುಡು ನೀರು ಮೀಯುವುದು, ಮಿಂದು ಬಂದು "ಅಯ್ಯೋ ಸೆಖೆ" ಅನ್ನುವುದು. ಅವಳಿಗಾಗಿ ಅರಸು ನೂರು ಬೀಸಣಿಗೆಯ ಗಾಳಿಚಕ್ರ ಮಾಡಿಸಿದ್ದ. ಅದು ತಿರುಗಬೇಕಾದರೆ ನೆಲ ಬಗೆದು ತಂದ ಇದ್ದಲು ಹಗಲಿರುಳೂ ಉರಿಯಬೇಕು. ಉರಿದಷ್ಟೂ ಸೆಖೆ, ಸೆಖೆಯಾದಷ್ಟೂ ಬೀಸಣಿಗೆ! ಅದನ್ನು ನೋಡಿ, ಕಾಡು ಕಡಿದು ತಂದ ಸೌದೆ ಉರಿಸುವ ಚಕ್ರ ಮಂತ್ರಿಯ ಮನೆಗೊಂದು ಬಂತು, ಸೇನಾಪತಿಯ ಮನೆಗೊಂದು, ಸೇನಾಪತಿ ಗುಟ್ಟಾಗಿ ಇಟ್ಟುಕೊಂಡವಳ ಮನೆಗೂ ಒಂದು. ಗುಟ್ಟಂತೆ ಗುಟ್ಟು! ಹೊಗೆ ಮುಚ್ಚಿಡೋಕಾಗ್ತದಾ?

"ಹೋಗಬೇಡ್ವೋ" ಅಂದಳು ಅಣ್ಣಿಗನ ಅವ್ವ ದುಗ್ಗವ್ವ. "ಈ ಮೋರೆಗೆ ಅರಸುಮಗಳು ಬೇಕಾ?"

"ಅರಸುಮಗಳು ಯಾರಿಗೆ ಬೇಕವ್ವಾ? ಮಾತಾಡೋಕೆ ಒಂದು ಮಣೆ ಬೇಕು. ಮನೆ ಹೇಗೂ ಹೋಗ್ತದೆ. ಹೇಳಿಯಾದ್ರೂ ಹೋಗಲಿ."

ಸಭೆ ತುಂಬಿತ್ತು. ನೀಲಾಂಬೆ ಮೊದಲ ಒಗಟು ಹಾಕಿದಳು: "ನೂಲು ಕೊಟ್ಟವರು ನಾವೇ, ನೇಯ್ದದ್ದನ್ನು ಯಾರೂ ಕಾಣಲಿಲ್ಲ. ಭೂಮಿಗೆಲ್ಲ ಹೊದಿಸಿದೆ, ಬೇಸಿಗೆಯಲ್ಲೂ ಬಿಚ್ಚಲು ಬರುವುದಿಲ್ಲ. ಏನದು ಕಂಬಳಿ?"

ಮೊದಲು ಕೂತವನು ತೆಂಕಣ ರಾಜಕುಮಾರ. ಮೀಸೆಗೆ ಸಂಪಿಗೆ ಎಣ್ಣೆ, ಕೈಗೆ ಅತ್ತಿಗೆ ಕೊಟ್ಟ ಕಡಗ. ಅತ್ತಿಗೆ ಯಾಕೆ ಕೊಟ್ಟಳೋ, ಅದು ಬೇರೆ ಕತೆ. "ಕತ್ತಲೆ" ಅಂದ.

"ಕತ್ತಲೆ ಬೆಳಗಾದರೆ ಬಿಚ್ಚಿಕೊಳ್ತದೆ" ಅಂದಳು ಅವಳು. ಭಟರು ಸೆರೆಗೆ ಎಳೆದರು, ಸಂಜೆಗೆ ತಲೆದಂಡ.

ಆಸ್ಥಾನ ಪಂಡಿತ ಕೂತು "ಪೂರ್ವಜನ್ಮದ ಪಾಪ" ಅಂದ. "ಪೂರ್ವಜನ್ಮದ್ದಲ್ಲ ಪಂಡಿತರೇ, ನಿನ್ನೆಯದು." ಅವನನ್ನೂ ಎಳೆದರು.

ಮಂತ್ರಿಯ ಮಗನಿಗೆ ಉತ್ತರ ಗೊತ್ತಿತ್ತು. ಅರಸನ ಮುಖ ನೋಡಿದ, "ಮೋಡ" ಅಂದು ತಾನೇ ಸೆರೆಯ ಕಡೆ ನಡೆದ. ತಲೆ ಹೋದರೂ ಚಿಂತೆಯಿಲ್ಲ, ಅಪ್ಪನ ಹುದ್ದೆ ಹೋಗಬಾರದು ನೋಡಿ!

ಅಣ್ಣಿಗ ಮಣೆ ಹತ್ತಿದ.

"ಹೊಗೆ ಕಣಮ್ಮಾ. ಕಣ್ಣಿಗೆ ಕಾಣೋದು ಹಾರಿಹೋಗ್ತದೆ, ಕಾಣದ್ದು ಮೇಲೆ ಹಾಸಿಕೊಂಡು ಕೂರ್ತದೆ. ಮಡಕೆ ಸುಡೋ ಆವಿಗೆಗೆ ಹುಲ್ಲು ಹೊದಿಸಿ ಮಣ್ಣು ಮೆತ್ತಿದರೆ ಕಾವು ಹೊರಗೆ ಹೋಗಲ್ಲ. ಈಗ ಒಳಗಿರೋ ಮಡಕೆ ನಾವೇ."

"ಏಯ್, ಯಾರ ಮುಂದೆ—" ಅಂತ ಪಾರುಪತ್ಯಗಾರ ಎದ್ದ.

"ಮಣೆ ಮೇಲಿದ್ದಾನೆ. ನೀವು ಬಾಯಿ ಮುಚ್ಚಿ" ಅಂದಳು ನೀಲಾಂಬೆ. ಎರಡನೆಯದು ಹಾಕಿದಳು: "ಕಾಲಿಲ್ಲ, ವರ್ಷಕ್ಕೊಂದು ಹೆಜ್ಜೆ ಒಳಗೆ ಬರ್ತಾನೆ. ಬಾಗಿಲು ತಟ್ಟಲ್ಲ, ಬಂದ ಮೇಲೆ ಬಾಗಿಲೇ ಇರಲ್ಲ. ಯಾರು ಆ ನೆಂಟ?"

"ಕಡಲು. ಕಾದ ನೀರು ಹಂಡೆಯಲ್ಲಿ ಉಬ್ಬೋ ಹಾಗೆ ಕಡಲೂ ಉಬ್ಬುತ್ತದೆ. ಬಡಗಣ ಬೆಟ್ಟದ ಹಿಮ ಕರಗಿ ಅದಕ್ಕೇ ಸೇರ್ತದೆ." ಅಣ್ಣಿಗ ಪಾರುಪತ್ಯಗಾರನ ಕಡೆ ತಿರುಗಿದ. "ಆ ನೆಂಟ ನಮ್ಮ ಹಿತ್ತಿಲಿಗೆ ಬಂದ ಅಂತ ಹೇಳೋಕೇ ಏಳು ಸಲ ಬಂದಿದ್ದೆ."

ಅರಸು ಕೂತಲ್ಲೇ ಮಗ್ಗುಲು ಬದಲಿಸಿದ.

"ಮೂರನೆಯದು. ರೋಗ ಊರಿಗೆಲ್ಲ, ಮದ್ದು ಮನೆಮನೆಯಲ್ಲೂ ಇದೆ, ಆದರೂ ಯಾರೂ ಕುಡಿಯಲ್ಲ. ಮದ್ದು ಯಾವುದು? ಮೊದಲು ಯಾರು ಕುಡಿಯಬೇಕು?"

"ಉರಿ ತಗ್ಗಿಸೋದೇ ಮದ್ದು. ಕಡಿದಲ್ಲಿ ಗಿಡ ನೆಡೋದು, ಸುಮ್ಮನೆ ಬೀಸೋ ಕಡಲಗಾಳಿಗೆ ಚಕ್ರ ಕಟ್ಟೋದು. ಎಲ್ಲರೂ 'ಪಕ್ಕದ ಮನೆಯವನು ಮೊದಲು ಕುಡೀಲಿ' ಅಂತಾರೆ, ಅದಕ್ಕೇ ಯಾರೂ ಕುಡಿಯಲ್ಲ. ನನ್ನ ಆವಿಗೆಯೂ ಹೊಗೆ ಬಿಡ್ತದೆ, ಸುಳ್ಳು ಹೇಳಲ್ಲ. ಆದ್ರೆ ಯಾರ ಉರಿ ದೊಡ್ಡದೋ ಮೊದಲ ಗುಟುಕು ಅವರದು."

"ಮೂರೂ ಸರಿ" ಅಂದಳು ನೀಲಾಂಬೆ.

ಅರಸು ಹಲ್ಲು ಕಿರಿದ. "ಭಲೆ ಕುಂಬಾರ! ಮಗಳನ್ನು ತಗೋ, ಅರ್ಧ ರಾಜ್ಯ ತಗೋ."

"ಯಾವ ಅರ್ಧ ಬುದ್ಧೀ? ಕಡಲು ನುಂಗೋ ಅರ್ಧವಾ? ಮೊದಲು ಗಾಳಿಚಕ್ರದ ಒಲೆ ಆರಿಸಿ."

"ಆರಿಸೋಣಂತೆ. ಪಕ್ಕದ ರಾಜ್ಯದವನು ಮೊದಲು ಆರಿಸಲಿ."

ಅಣ್ಣಿಗನಿಗೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಇದು ಎಂಟನೇ ಸಲ! ಬಾಯಿಗೆ ತುತ್ತಿಟ್ಟ ಹಾಗೆ ಬಿಡಿಸಿ ಹೇಳಿದರೂ ಅದೇ ಹಾಡು.

ನೀಲಾಂಬೆ ಎದ್ದು ನಿಂತಳು. "ಅಪ್ಪಾಜಿ, ಈಗ ಮೂರನೇ ಒಗಟಿಗೆ ತಪ್ಪು ಉತ್ತರ ಹೇಳಿದಿರಿ. ತುಂಬಿದ ಸಭೆಯಲ್ಲಿ. ಡಂಗುರದಲ್ಲಿ 'ಯಾರೇ ಆಗಲಿ' ಅಂತ ಸಾರಿಸಿದವರು ನೀವೇ."

ತಲೆ ಕಡಿಯುವವನು ಕತ್ತಿ ನೋಡಿಕೊಂಡ. ಅರಸು ಕುತ್ತಿಗೆ ಮುಟ್ಟಿಕೊಂಡ.

"ಏನ್ರೋ ನೋಡ್ತಾ ನಿಂತಿದ್ದೀರಿ? ಒಲೆಗೆ ನೀರು ಹೊಯ್ಯಿರಿ!" ಅಂತ ಕಿರುಚಿದವನು, ಯಾರೂ ಅಲುಗದ್ದು ಕಂಡು ತಾನೇ ಕೊಡ ಎತ್ತಿಕೊಂಡು ಓಡಿದ. ಅವನ ತಲೆ ಉಳಿಯಬೇಕಾದರೆ ಸೆರೆಯಲ್ಲಿದ್ದವರದ್ದೂ ಉಳಿಯಬೇಕಲ್ಲ; ಅವರನ್ನೂ ಬಿಟ್ಟರು.

ನೂರು ಬೀಸಣಿಗೆ ನಿಂತವು. ಕಿರಿರಾಣಿಯ ಕಣ್ಣಿನ ಕಾಡಿಗೆ ಗಲ್ಲಕ್ಕಿಳಿಯಿತು. "ಒಲೆ ಆರಿಸಿದ್ರಲ್ಲ, ತಂಪು ಎಲ್ಲಿ?" ಅಂದಳು.

"ಹೊದ್ದ ಕಂಬಳಿ ಸವೆಯೋಕೆ ಮೊಮ್ಮಕ್ಕಳ ಕಾಲ ಬೇಕಮ್ಮಾ" ಅಂದ ಅಣ್ಣಿಗ. "ಇನ್ನಷ್ಟು ದಪ್ಪ ಆಗದ ಹಾಗೆ ನೋಡಿಕೊಳ್ಳಬಹುದು, ಅಷ್ಟೇ."

ಮದುವೆಯೂ ಆಯಿತು, ದಿಬ್ಬಣವೆಲ್ಲ ಬೆವರಿಕೊಂಡೇ ಬಂತು. ದುಗ್ಗವ್ವನಿಗೆ ಗುಡ್ಡದ ಮೇಲೆ ಮನೆಯಾಯಿತು. ಅಣ್ಣಿಗ ತನ್ನ ಅರ್ಧ ರಾಜ್ಯದಲ್ಲಿ ಮೊದಲು ಮಾಡಿದ್ದು, ಹೊಗೆ ತಗ್ಗಲಿ ಅಂತ ಮೂರು ಊರಿಗೆ ಒಂದೇ ಆವಿಗೆ.

ಅವರು ಅಲ್ಲಿ ಬೆವರು ಒರೆಸಿಕೊಂಡು ಮದ್ದು ಕುಡಿದರು. ನಾವು ಇಲ್ಲಿ ಪಕ್ಕದ ಮನೆಯ ಒಲೆ ಯಾವಾಗ ಆರೀತು ಅಂತ ಇಣುಕುತ್ತಾ ಕೂತಿದ್ದೇವೆ.